ಡಬ್ಬಿಯಲ್ಲಿ ಬೂಸ್ಟು ಹಿಡಿದ ತುಳಸಿ: ಈ ವಾರದ ಪ್ರಶ್ನೋತ್ತರ

ಗುಂಪಿನ ಸದಸ್ಯರಿಗೆ: ಮನೆಯಲ್ಲಿ ಬೆಳೆದ ಔಷಧಿ ಸೊಪ್ಪು ಕೊಯ್ಯುವುದು, ಒಣಗಿಸುವುದು, ಬಳಸುವುದರ ಬಗ್ಗೆ ಈ ವಾರ ಕೇಳಬಹುದು. ಉತ್ತರಿಸುವವರು ಶಿರಸಿ ಕಡೆಯ ಆಯುರ್ವೇದ ವೈದ್ಯರು. ಚಿಕಿತ್ಸಾಲಯದ ಹಿಂದೆಯೇ ಅವರದೊಂದು ಒಣಗಿಸುವ ಕೊಟ್ಟಿಗೆ ಇದೆ.

ಪ್ರಶ್ನೆ (ಬೆಂಗಳೂರು): ವೈದ್ಯರೇ, ನಮಸ್ಕಾರ. ತಾರಸಿಯಲ್ಲಿ ಎಂಟು ಕುಂಡ ಕೃಷ್ಣ ತುಳಸಿ ಇದೆ. ಜುಲೈ ಮೊದಲ ವಾರ ಒಂದೇ ಸಲಕ್ಕೆ 400 ಗ್ರಾಂ ಎಲೆ ಕಿತ್ತೆ. ತೊಳೆದು, ನ್ಯೂಸ್‌ಪೇಪರ್ ಮೇಲೆ ಹರಡಿ ಅಡುಗೆಕಟ್ಟೆಯ ಮೇಲೆ ಮೂರು ದಿನ ಇಟ್ಟೆ. ಮುಟ್ಟಿದರೆ ಗರಿಗರಿ ಅನ್ನಿಸಿತು, ಸ್ಟೀಲ್ ಡಬ್ಬಿಗೆ ತುಂಬಿದೆ. ಆಗ ತೂಕ 110 ಗ್ರಾಂ ಇತ್ತು. ಹದಿನೈದು ದಿನ ಬಿಟ್ಟು ಮುಚ್ಚಳ ತೆಗೆದರೆ ಮುಗ್ಗಲು ವಾಸನೆ, ತಳದಲ್ಲಿ ಬಿಳಿ ಬೂಸ್ಟು. ಮೇಲಿನ ಅರ್ಧ ಚೆನ್ನಾಗಿಯೇ ಇದೆ. ಅದನ್ನು ಬಿಸಿಲಿಗೆ ಹಾಕಿ ಬಳಸಬಹುದಾ?

ಉತ್ತರ: ಬೇಡಮ್ಮ. ಪೂರ್ತಿ ಗೊಬ್ಬರದ ಗುಂಡಿಗೆ ಹಾಕಿ. ಬೂಸ್ಟು ಕಣ್ಣಿಗೆ ಕಾಣುವಷ್ಟರಲ್ಲಿ ಅದರ ಕಣಗಳು ಡಬ್ಬಿಯೆಲ್ಲ ಹರಡಿರುತ್ತವೆ. ಕೆಲವು ಬೂಸ್ಟು ಬಿಡುವ ವಿಷ ಬಿಸಿಲಿಗೂ ಜಗ್ಗುವುದಿಲ್ಲ, ಕುದಿಯುವ ಕಷಾಯಕ್ಕೂ ಜಗ್ಗುವುದಿಲ್ಲ.

ತೂಕ ಮಾಡಿಟ್ಟಿದ್ದು ಒಳ್ಳೆಯದಾಯಿತು, ಎಲ್ಲಿ ತಪ್ಪಿತು ಅಂತ ಲೆಕ್ಕದಲ್ಲೇ ಸಿಗುತ್ತದೆ. ಹಸಿ ತುಳಸಿ ಎಲೆಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ನೀರು. 400 ಗ್ರಾಂ ಎಲೆ ಸರಿಯಾಗಿ ಒಣಗಿದ್ದರೆ 80 ಗ್ರಾಂ ಆಸುಪಾಸಿಗೆ ಇಳಿಯಬೇಕಿತ್ತು. ನೀವು 110ಕ್ಕೆ ಮುಚ್ಚಿದಿರಿ. ಮಿಕ್ಕ 30 ಗ್ರಾಂ ನೀರೇ. ಆರು ಚಮಚ ನೀರು ಸುರಿದು ಮುಚ್ಚಳ ಹಾಕಿದ ಹಾಗೆ ಆಯಿತು.

ಕೈಗೆ ಗರಿಗರಿ ಅನ್ನಿಸಿದ್ದೂ ಸುಳ್ಳಲ್ಲ. ಎಲೆಯ ಅಂಚು ಮೊದಲು ಒಣಗುತ್ತದೆ, ನಡುವಿನ ನರ ಮತ್ತು ತೊಟ್ಟು ಕೊನೆಗೆ. ಹಾಗಾಗಿ ಅಂಚು ಮುಟ್ಟಿ ನೋಡಬೇಡಿ, ತೊಟ್ಟು ಬಗ್ಗಿಸಿ ನೋಡಿ. ಬಾಗಿದರೆ ಇನ್ನೂ ಹಸಿ. ಟಕ್ಕನೆ ಮುರಿದರೆ ಒಣಗಿದೆ. ಆಮೇಲೂ ನೇರ ಸ್ಟೀಲ್ ಡಬ್ಬಿಗೆ ಹಾಕದೆ ಒಂದು ವಾರ ಗಾಜಿನ ಬಾಟಲಿಯಲ್ಲಿಡಿ. ಒಳಗೋಡೆಯಲ್ಲಿ ಒಂದೇ ಒಂದು ಹನಿ ಬೆವರು ಕಂಡರೂ ಹೊರಗೆ ಸುರಿದು ಮತ್ತೆ ಹರಡಿ. ಸ್ಟೀಲ್ ಡಬ್ಬಿಯಲ್ಲಿ ಬೆವರಿದರೆ ನಿಮಗೆ ಕಾಣುವುದೇ ಇಲ್ಲ.

ಇನ್ನು ತೊಳೆದದ್ದು. ಮಳೆಗಾಲದಲ್ಲಿ ಕಿತ್ತ ಎಲೆ ತೊಳೆದರೆ ಒಣಗಿಸಬೇಕಾದ ನೀರಿಗೆ ನಾವೇ ಇನ್ನಷ್ಟು ಸೇರಿಸಿದ ಹಾಗೆ. ಹಿಂದಿನ ಸಂಜೆ ಗಿಡಕ್ಕೇ ಪೈಪಿನಲ್ಲಿ ಸ್ನಾನ ಮಾಡಿಸಿ. ಮರುದಿನ ಇಬ್ಬನಿ ಆರಿದ ಮೇಲೆ, ಒಂಬತ್ತು ಹತ್ತರ ಹೊತ್ತಿಗೆ, ಮೇಲಿನ ಮೂರನೇ ಒಂದು ಭಾಗ ಮಾತ್ರ ಟೊಂಗೆ ಸಮೇತ ಕತ್ತರಿಸಿ. ಮಂಜರಿ ಆಗತಾನೆ ಮೂಡುತ್ತಿರುವ ಟೊಂಗೆಯಲ್ಲಿ ಘಾಟು ಚೆನ್ನಾಗಿರುತ್ತದೆ. ಬೀಜ ಕಟ್ಟಿದ ಮೇಲೆ ಎಲೆ ಸಣ್ಣದಾಗಿ ಸಪ್ಪೆಯಾಗುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ತುರುಕಬೇಡಿ, ಅರ್ಧ ಗಂಟೆಯಲ್ಲಿ ಬೆಂದು ಕಪ್ಪಾಗುತ್ತದೆ. ಬುಟ್ಟಿ ಅಥವಾ ಮೊರ ಸಾಕು. ನ್ಯೂಸ್‌ಪೇಪರ್ ಶಾಯಿ ಬೇಡ. ಹಳೆ ಕಾಟನ್ ಸೀರೆ ಹಾಸಿ, ಎಲೆ ಮೇಲೆ ಎಲೆ ಬೀಳದ ಹಾಗೆ ಹರಡಿ, ಫ್ಯಾನ್ ಹಾಕಿ. ಅಡುಗೆಮನೆಯಲ್ಲಿ ಮಾತ್ರ ಬೇಡ. ಕುಕ್ಕರಿನ ಆವಿಯೆಲ್ಲ ಅಲ್ಲೇ ಇರುತ್ತದೆ.

ಡಬ್ಬಿಗೆ ತುಂಬುವ ಹೊತ್ತನ್ನೂ ನೋಡಿಕೊಳ್ಳಿ. ಬೆಳಿಗ್ಗೆ ಮತ್ತು ರಾತ್ರಿ ಗಾಳಿಯಲ್ಲಿ ತೇವ ಹೆಚ್ಚು, ಒಣಗಿದ ಎಲೆ ಅದನ್ನು ಹೀರಿ ಮತ್ತೆ ಮೆತ್ತಗಾಗುತ್ತದೆ. ಮಧ್ಯಾಹ್ನ ಎರಡು ಮೂರು ಗಂಟೆಗೆ ಗಾಳಿ ಒಣಗಿರುತ್ತದೆ, ಆಗ ತುಂಬಿ. ಮೊದಲ ವರ್ಷ ನಾನು ಎರಡು ಗೋಣಿ ಒಂದೆಲಗ ಚೆನ್ನಾಗಿಯೇ ಒಣಗಿಸಿ, ರೋಗಿಗಳೆಲ್ಲ ಹೋದ ಮೇಲೆ ರಾತ್ರಿ ಎಂಟಕ್ಕೆ ಕಟ್ಟಿಟ್ಟೆ. ತಿಂಗಳಿಗೆ ಎರಡೂ ಗೋಣಿ ಮುಗ್ಗಲು ಬಂತು.

ಪ್ರಶ್ನೆ (ಹುಬ್ಬಳ್ಳಿ): ನೆರಳು, ಫ್ಯಾನು ಇಷ್ಟೆಲ್ಲ ಯಾಕ್ರಿ ಡಾಕ್ಟರೇ? ನಮ್ಮ ಅಜ್ಜಿ ಮಾಳಿಗಿ ಮ್ಯಾಲೆ ಬಿಸಲಾಗ ಹಾಕತಿದ್ಲು. ಎಲ್ಲಾ ಒಂದs ದಿನದಾಗ ಮುಗೀತಿತ್ತು.

ಉತ್ತರ: ಅಜ್ಜಿ ಮಾಳಿಗೆ ಮೇಲೆ ಹಾಕುತ್ತಿದ್ದದ್ದು ಏನೇನು ಅಂತ ನೆನಪು ಮಾಡಿಕೊಳ್ಳಿ. ಮೆಣಸಿನಕಾಯಿ, ಕೊತ್ತಂಬರಿ ಬೀಜ, ಶಂಡಿಗೆ ತಾನೇ? ಬೀಜ, ಬೇರು, ಸಿಪ್ಪೆಗೆ ಬಿಸಿಲು ಆಗುತ್ತದೆ. ಎಲೆಯ ಮಾತು ಬೇರೆ. ಬಿಸಿಲಿಗೆ ಹಸಿರು ಹೋಗಿ ಹುಲ್ಲಿನ ಬಣ್ಣ ಬರುತ್ತದೆ, ವಾಸನೆ ಕೊಡುವ ಎಣ್ಣೆ ಹಾರಿ ಹೋಗುತ್ತದೆ. ನುಗ್ಗೆಸೊಪ್ಪನ್ನು ಎರಡು ಭಾಗ ಮಾಡಿ ಒಂದನ್ನು ಬಿಸಿಲಿಗೆ, ಒಂದನ್ನು ನೆರಳಿಗೆ ಹಾಕಿ ನೋಡಿ, ಮತ್ತೆ ನನ್ನನ್ನು ಕೇಳುವುದಿಲ್ಲ. ಅಂದಹಾಗೆ ನಿಮ್ಮ ಕಡೆಯ ಮಾರ್ಚ್ ಗಾಳಿ ನಮಗೆ ಸಿಕ್ಕರೆ ನಾನು ಕೊಟ್ಟಿಗೆಯನ್ನೇ ಮುಚ್ಚುತ್ತಿದ್ದೆ. ನೆರಳಲ್ಲೇ ಎರಡು ದಿನಕ್ಕೆ ಮುಗಿಯುತ್ತದೆ ನಿಮಗೆ.

ಪ್ರಶ್ನೆ (ಮೈಸೂರು): ಡಿಹೈಡ್ರೇಟರ್ ತಂದಿದ್ದೇವೆ. ಹಣ್ಣಿಗೆ 60 ಡಿಗ್ರಿ ಇಡುತ್ತೇವೆ. ಪುದೀನಕ್ಕೂ ಅಷ್ಟೇ ಇಟ್ಟಾಗ ಮನೆಯೆಲ್ಲ ಘಮಘಮ ಅಂತಿತ್ತು, ಆದರೆ ಪುಡಿಯಲ್ಲಿ ಏನೂ ಇಲ್ಲ!

ಉತ್ತರ: ಆ ಘಮ ಬಾಟಲಿಗೆ ಹೋಗಬೇಕಿತ್ತು, ಮನೆಗೆ ಹೋಯಿತು. ತುಳಸಿ, ಪುದೀನ, ಮಜ್ಜಿಗೆಹುಲ್ಲು, ಹೀಗೆ ವಾಸನೆಯೇ ಬಂಡವಾಳವಾದ ಸೊಪ್ಪಿಗೆ 35ರಿಂದ 40 ಡಿಗ್ರಿ ಸಾಕು. ಹೊತ್ತು ಹಿಡಿಯುತ್ತದೆ, ಹಿಡಿಯಲಿ. ನುಗ್ಗೆ, ಕರಿಬೇವಿಗೆ 50ರವರೆಗೂ ಪರವಾಗಿಲ್ಲ. ಮಜ್ಜಿಗೆಹುಲ್ಲನ್ನು ಬುಡದಿಂದ ಒಂದು ಗೇಣು ಬಿಟ್ಟು ಕತ್ತರಿಸಿ, ಒಂದು ದಿನ ಬಾಡಲು ಬಿಟ್ಟು ಆಮೇಲೆ ಇಂಚಿಂಚು ತುಂಡು ಮಾಡಿ. ಕೊತ್ತಂಬರಿ ಸೊಪ್ಪು ಮಾತ್ರ ಎಷ್ಟು ಡಿಗ್ರಿಯಲ್ಲಿ ಒಣಗಿಸಿದರೂ ಹುಲ್ಲೇ, ಕರೆಂಟ್ ಬಿಲ್ ಉಳಿಸಿ.

ಪ್ರಶ್ನೆ (ಮಂಗಳೂರು): ಇಲ್ಲಿ ಜೂನ್ ಬಂದರೆ ಉಪ್ಪೂ ನೀರಾಗ್ತದೆ. ಫ್ಯಾನಿನಡಿ ಐದು ದಿನ ಇಟ್ಟರೂ ಸೊಪ್ಪು ಒಣಗುವುದಿಲ್ಲ, ಕೊಳೀತದೆ. ಒಲೆ ಮೇಲಿನ ಅಟ್ಟದಲ್ಲಿ ಇಡಬಹುದಾ ಡಾಕ್ಟ್ರೇ?

ಉತ್ತರ: ಅಟ್ಟದಲ್ಲಿಟ್ಟರೆ ಒಣಗುತ್ತದೆ, ಆದರೆ ತುಳಸಿ ಹೋಗಿ ಹೊಗೆ ಉಳಿಯುತ್ತದೆ. ನಿಮ್ಮ ಊರಿಗೂ ನಮ್ಮ ಊರಿಗೂ ನನ್ನ ಸಲಹೆ ಒಂದೇ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿಸುವ ಯೋಚನೆಯನ್ನೇ ಬಿಡಿ. ಆಗ ಗಿಡ ನೀರು ಕುಡಿದು ಎಳಸಾಗಿ ಬೆಳೆದಿರುತ್ತದೆ, ಎಲೆಯಲ್ಲಿ ಸಾರ ಕಡಿಮೆ. ಮೇ ಮೊದಲ ಭಾಗದಲ್ಲಿ ಒಂದು ಕೊಯ್ಲು, ಮಳೆ ನಿಂತ ಮೇಲೆ ನವೆಂಬರಿನಲ್ಲಿ ಒಂದು. ಮಳೆಗಾಲಕ್ಕೆ ಹಸಿಯದೇ ಇದೆಯಲ್ಲ.

ನೆಲನೆಲ್ಲಿ ಮಾತ್ರ ಮಳೆಯಲ್ಲೇ ಹುಟ್ಟಿ ಮಳೆಯ ಜೊತೆಗೇ ಹೋಗುವ ಗಿಡ, ಅದಕ್ಕೆ ಕಾಯಲಾಗದು. ಬೇರು ಸಮೇತ ಕಿತ್ತು ಮಣ್ಣು ತೊಳೆದು, ಸಣ್ಣ ಸಣ್ಣ ಸೂಡಿ ಕಟ್ಟಿ ತಲೆಕೆಳಗಾಗಿ ತೂಗುಹಾಕಿ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆ ಇದ್ದವರು ಮೇಲೊಂದು ನೆರಳುಬಲೆ ಎಳೆದು, ಎರಡೂ ಕಡೆ ಗಾಳಿ ಆಡಲು ಬಿಟ್ಟರೆ ಅದಕ್ಕಿಂತ ಒಳ್ಳೆಯ ಜಾಗ ಬೇಡ.

ಪ್ರಶ್ನೆ (ತುಮಕೂರು): ದೊಡ್ಡಪತ್ರೆ ಬುಟ್ಟಿಗಟ್ಟಲೆ ಬೆಳೆದಿದೆ ಸರ್. ಒಣಗಿಸಿ ಪುಡಿ ಮಾಡಿಡೋಣ ಅಂತ. ಹಾಗೇ ಒಂದೆಲಗವೂ ಇದೆ.

ಉತ್ತರ: ದೊಡ್ಡಪತ್ರೆ ಎಲೆ ಒಂದು ನೀರಿನ ಚೀಲ. ನಿಧಾನಕ್ಕೆ ಒಣಗಿಸಿದರೆ ಕಪ್ಪಾಗುತ್ತದೆ, ಬೇಗ ಒಣಗಿಸಲು ಬಿಸಿ ಕೊಟ್ಟರೆ ಅಜವಾನದಂಥ ಆ ಘಾಟು ಹೋಗುತ್ತದೆ. ವರ್ಷವಿಡೀ ಚಿಗುರುವ ಗಿಡವನ್ನು ಪುಡಿ ಮಾಡಿ ಇಡುವುದು ಯಾಕೆ? ಟೊಂಗೆ ಮುರಿದು ಪಕ್ಕದ ಮನೆಯವರಿಗೆ ಕೊಡಿ, ನೆಟ್ಟರೆ ವಾರದಲ್ಲಿ ಬೇರು ಬಿಡುತ್ತದೆ.

ಒಂದೆಲಗ ಒಣಗಿಸಬಹುದು, ಆದರೆ ಕುಂಡದಲ್ಲಿ ಇರುವಾಗ ತಂಬುಳಿಯೇ ಮೇಲು. ಒಂದು ಹಿಡಿ ಎಲೆ, ತುಪ್ಪದಲ್ಲಿ ಹುರಿದ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು, ಎರಡು ಚಮಚ ಕಾಯಿತುರಿ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ. ಕುದಿಸುವುದು ಬೇಡ. ಚರಂಡಿ ಪಕ್ಕ ತಾನಾಗಿ ಹಬ್ಬಿದ ಒಂದೆಲಗವನ್ನು ಮಾತ್ರ ತರಬೇಡಿ, ಅಲ್ಲಿನದನ್ನೆಲ್ಲ ಅದು ಹೀರಿರುತ್ತದೆ. ತಂಬುಳಿಗೆ ಒಣಗಿಸಿಯೇ ಇಡಬೇಕು ಅಂತಿದ್ದರೆ ದಾಳಿಂಬೆ ಸಿಪ್ಪೆ ಒಣಗಿಸಿಡಿ. ಹೊಟ್ಟೆ ಕೆಟ್ಟ ದಿನ ನಮ್ಮ ಕಡೆ ಮನೆಮನೆಯಲ್ಲೂ ಅದೇ.

ಮತ್ತೆ ಪ್ರಶ್ನೆ (ತುಮಕೂರು): ಒಂದೆಲಗ ಹಾಕಿ ತಲೆಗೆ ಎಣ್ಣೆ ಕಾಸಿದ್ದೆ. ತಿಂಗಳಿಗೇ ಕಮಟು ಬಂತು.

ಉತ್ತರ: ನೀರು ಒಳಗೇ ಉಳಿದಿದೆ. ಸಣ್ಣ ಉರಿಯಲ್ಲಿ ಕಾಸುತ್ತಾ ತಳದ ಚರಟವನ್ನು ಸೌಟಿನಲ್ಲಿ ತೆಗೆದು, ಸ್ವಲ್ಪ ಆರಿಸಿ ಬೆರಳ ನಡುವೆ ಹೊಸೆಯಿರಿ. ದೀಪದ ಬತ್ತಿಯ ಹಾಗೆ ಉರುಳಿ ಬರಬೇಕು. ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಪಟ ಅನ್ನದೆ ಉರಿಯಬೇಕು. ಚಟಪಟ ಅಂದರೆ ನೀರು ಇದೆ ಅಂತ. ಎಣ್ಣೆಯಾದರೆ ಆ ಹೊತ್ತಿಗೆ ಮೇಲೆ ನೊರೆ ಏಳುತ್ತದೆ, ತುಪ್ಪವಾದರೆ ಎದ್ದ ನೊರೆ ಇಳಿಯುತ್ತದೆ. ಪರೀಕ್ಷೆ ಹಳೆಯದು, ಇವತ್ತಿಗೂ ನಾನು ಮಾಡುವುದು ಇದನ್ನೇ.

ಪ್ರಶ್ನೆ (ದಾವಣಗೆರೆ): ಸೊಸೆಗೆ ಐದು ತಿಂಗಳು, ಕೆಮ್ಮು ಬಿಡ್ತಿಲ್ಲ. ಹಿತ್ತಲಲ್ಲಿ ಅಡುಸೋಗೆ ಇದೆ. ಎಲೆ ರಸಕ್ಕೆ ಜೇನು ಹಾಕಿ ಕೊಡಲಾ?

ಉತ್ತರ: ಕೊಡಬೇಡಿ. ಹಸಿಯೂ ಬೇಡ, ಒಣಗಿಸಿದ್ದೂ ಬೇಡ. ಅದರಲ್ಲಿರುವ ವ್ಯಾಸಿಸಿನ್ ಎಂಬ ಅಂಶ ಗರ್ಭಕೋಶವನ್ನು ಸಂಕುಚಿಸುವಂತೆ ಮಾಡುತ್ತದೆ. ಇವತ್ತೇ ಅವರ ಹೆರಿಗೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ (ಬೆಳಗಾವಿ): ಕೊರೊನಾ ಕಾಲದಿಂದ ಅಮೃತಬಳ್ಳಿ ಕಷಾಯ ದಿನಾ ಕುಡೀತಿದೀನಿ. ಈಗ ಸ್ವಂತ ಬಳ್ಳಿಯೇ ಇದೆ. ಒಣಗಿಸಿ ಪುಡಿ ಮಾಡಿಟ್ಟರೆ ವರ್ಷ ಬರುತ್ತದಾ?

ಉತ್ತರ: ಮೊದಲು ಒಣಗಿಸುವ ಮಾತು. ಸಾಮಾನ್ಯವಾಗಿ ಹಸಿ ಮೂಲಿಕೆ ಬಳಸಿದರೆ ಒಣಗಿದ್ದರ ಎರಡರಷ್ಟು ತೆಗೆದುಕೊಳ್ಳಬೇಕು ಅಂತ ಶಾಸ್ತ್ರ. ಅಮೃತಬಳ್ಳಿ, ಅಡುಸೋಗೆ, ಶತಾವರಿ, ಅಶ್ವಗಂಧ ಇಂಥ ಕೆಲವಕ್ಕೆ ಮಾತ್ರ ವಿನಾಯಿತಿ: ಇವನ್ನು ಹಸಿಯಾಗಿಯೇ ಬಳಸಿ, ಎರಡರಷ್ಟೂ ಹಾಕಬೇಡಿ ಅನ್ನುತ್ತದೆ. ಬಳ್ಳಿ ಮನೆಯಲ್ಲೇ ಇರುವಾಗ ನಿಮಗೆ ಪುಡಿ ಯಾಕೆ? ಹೆಬ್ಬೆರಳು ಗಾತ್ರದ ಕಾಂಡ ಬೇಕಾದಷ್ಟೇ ಕತ್ತರಿಸಿ, ಮೇಲಿನ ಕಾಗದದಂಥ ಸಿಪ್ಪೆ ಕೆರೆದು ಜಜ್ಜಿಕೊಳ್ಳಿ. ಪುಡಿಯಂತೂ ವರ್ಷ ಬರುವುದಿಲ್ಲ. ಚೂರ್ಣದ ಶಕ್ತಿ ಎರಡು ತಿಂಗಳಿಗೆ ಇಳಿಯುತ್ತದೆ ಅನ್ನುವುದು ಹಳೆಯ ಆಯುರ್ವೇದ ಗ್ರಂಥಕಾರ ಶಾರ್ಙ್ಗಧರನ ಲೆಕ್ಕ, ಇಡೀ ಮೂಲಿಕೆಗೆ ಒಂದು ವರ್ಷ. ಪುಡಿ ಮಾಡಿದರೆ ಗಾಳಿ ತಾಗುವ ಮೈ ಹೆಚ್ಚಾಗುತ್ತದೆ, ಅಷ್ಟೆ. ಅದಕ್ಕೇ ತುಳಸಿಯನ್ನೂ ಎಲೆಯಾಗಿಯೇ ಇಟ್ಟು, ಬೇಕಾದಾಗ ಕೈಯಲ್ಲಿ ತಿಕ್ಕಿಕೊಳ್ಳಿ ಅನ್ನುತ್ತೇನೆ.

ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಚುಚ್ಚಿದ್ದು "ದಿನಾ" ಅನ್ನುವ ಮಾತು. 2020–21ರಲ್ಲಿ ಮುಂಬೈಯಲ್ಲಿ ಅಮೃತಬಳ್ಳಿ ಸೇವಿಸುತ್ತಿದ್ದ ಕೆಲವರಿಗೆ ಯಕೃತ್ತಿನ ತೊಂದರೆ ಆದ ವರದಿ ಬಂತು. ಅದು ಇದೇ ಬಳ್ಳಿಯೋ, ಇದನ್ನೇ ಹೋಲುವ ಕಾಂಡದ ತುಂಬ ಗಂಟುಗಂಟಿರುವ ಇನ್ನೊಂದು ಜಾತಿಯೋ ಎಂದು ಆಯುಷ್ ಸಚಿವಾಲಯ ಆಕ್ಷೇಪ ಎತ್ತಿತು. ವಾದ ಏನೇ ಇರಲಿ, ನನ್ನ ರೋಗಿಗಳಿಗೆ ನಾನು ಇದನ್ನು ವರ್ಷಗಟ್ಟಲೆ ಕೊಡುವುದಿಲ್ಲ. ಇದು ಔಷಧಿ, ಚಹಾ ಅಲ್ಲ. ಸದ್ಯ ನಿಲ್ಲಿಸಿ. ಒಮ್ಮೆ ಲಿವರ್ ಪರೀಕ್ಷೆ ಮಾಡಿಸಿಕೊಳ್ಳಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ನಿಮ್ಮ ಡಾಕ್ಟರಿಗೆ ಹೇಳಿ, ಇದೂ ಸಕ್ಕರೆ ಇಳಿಸುತ್ತದೆ.

ಪ್ರಶ್ನೆ (ಬೆಂಗಳೂರು, ಮೊದಲಿನವರೇ): ವೈದ್ಯರೇ, ನಾಡಿದ್ದು ಭಾನುವಾರ ರಜೆ. ಸಣ್ಣದೊಂದು ಕೊಯ್ಲು ಮಾಡಿ ನೀವು ಹೇಳಿದ ಹಾಗೆ ತೂಗಿ ನೋಡೋಣ ಅಂತ. ನಮ್ಮತ್ತೆ ಭಾನುವಾರ ತುಳಸಿ ಕೀಳಬಾರದು ಅಂತಾರೆ. ದ್ವಾದಶಿಗೂ ಇಲ್ಲವಂತೆ, ಸಂಜೆಗೂ ಇಲ್ಲವಂತೆ.

ಉತ್ತರ: ಅತ್ತೆ ಮಾತು ಕೇಳಿ. ಸಂಜೆ ಕೀಳಬೇಡಿ ಅಂತ ನಾನೂ ಹೇಳಿದ ಹಾಗೇ ಆಯಿತು. ಭಾನುವಾರ, ದ್ವಾದಶಿ ಬಿಟ್ಟರೆ ಗಿಡಕ್ಕೂ ಒಂದಿಷ್ಟು ರಜೆ ಸಿಗುತ್ತದೆ.

ಬೆಂಗಳೂರು: ಹಾಗಾದರೆ ಶನಿವಾರವೇ, ಆಫೀಸಿಗೆ ಹೋಗುವ ಮುಂಚೆ.

ಉತ್ತರ: ಆಫೀಸಿಗೆ ಮುಂಚೆ ಅಂದರೆ ಏಳು ಗಂಟೆಯಾ? ಇಬ್ಬನಿ ಆರಿರುವುದಿಲ್ಲ. ಎರಡನೇ ಶನಿವಾರ ಬರಲಿ ಬಿಡಿ.