ಎಬಿಎಸ್ ಮೊದಲು ತಂದಿದ್ದು ಯಾರು? ಅದಕ್ಕೂ ಲಕ್ಸುರಿ ಪಟ್ಟಕ್ಕೂ ಏನು ಸಂಬಂಧ?

ಟಾರ್ಕ್‌ಪ್ರಿಯ:
ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯೋ ಎಬಿಎಸ್ ಬಂದ ಮೊದಲ ಕಾರು 1978ರ ಮರ್ಸಿಡಿಸ್ ಎಸ್-ಕ್ಲಾಸ್ ಅಂತ ಒಬ್ಬರು, 1971ರ ಕ್ರೈಸ್ಲರ್ ಇಂಪೀರಿಯಲ್ ಅಂತ ಇನ್ನೊಬ್ಬರು, 1966ರ ಜೆನ್ಸನ್ ಎಫ್‌ಎಫ್ ಅಂತ ಮತ್ತೊಬ್ಬರು. ಯಾರನ್ನ ನಂಬೋದು? ಇಂಥ ‘ಮೊದಲು’ಗಳಿದ್ದ ಮಾತ್ರಕ್ಕೆ ಲಕ್ಸುರಿ ಬ್ರ್ಯಾಂಡ್ ಅನ್ನಬಹುದಾ?

ಸ್ಪ್ಯಾನರ್ ಶೆಟ್ರು:
ಮೂರೂ ಸರೀನೇ. ಪ್ರತಿಯೊಬ್ಬರೂ ಒಂದೊಂದು ಷರತ್ತನ್ನ ನುಂಗಿದಾರೆ ಅಷ್ಟೆ.

ಜೆನ್ಸನ್‌ನಲ್ಲಿ ಇದ್ದದ್ದು ಡನ್‌ಲಪ್ ಮ್ಯಾಕ್ಸರೆಟ್, ವಿಮಾನಕ್ಕೆ ಅಂತ ಮಾಡಿದ ಮೆಕ್ಯಾನಿಕಲ್ ವ್ಯವಸ್ಥೆ. ಒಂದೊಂದು ಚಕ್ರಕ್ಕೆ ಬೇರೆ ಬೇರೆ ಸೆನ್ಸರ್ ಇಲ್ಲ. ಕಾರು ಫೋರ್ ವೀಲ್ ಡ್ರೈವ್ ಆದ್ದರಿಂದ ಡ್ರೈವ್‌ಲೈನ್ (ಇಂಜಿನ್ ಶಕ್ತಿಯನ್ನ ಚಕ್ರಕ್ಕೆ ಒಯ್ಯೋ ಶಾಫ್ಟ್‌ಗಳು) ವೇಗ ನೋಡಿಯೇ ಕೆಲಸ ನಡೀತಿತ್ತು. ತೊಂದರೆ ಏನಂದ್ರೆ, ಒಂದು ಕಡೆ ಜಾರಿದರೂ ಚೆನ್ನಾಗಿ ಹಿಡಿದಿರೋ ಚಕ್ರದ ಬ್ರೇಕೂ ಸಡಿಲ ಆಗುತ್ತೆ, ನಿಲ್ಲೋ ದೂರ ಜಾಸ್ತಿ ಆಗುತ್ತೆ. ಒಟ್ಟು ತಯಾರಾಗಿದ್ದು 320 ಕಾರು.

ಇಂಪೀರಿಯಲ್‌ದು ಬೆಂಡಿಕ್ಸ್ ಮಾಡಿದ ಎಲೆಕ್ಟ್ರಾನಿಕ್ ಎಬಿಎಸ್. ನಾಲ್ಕು ಸೆನ್ಸರ್, ಮೂರು ಚಾನೆಲ್: ಮುಂದಿನ ಚಕ್ರಗಳಿಗೆ ಪ್ರತ್ಯೇಕ ಒತ್ತಡ, ಹಿಂದಿನ ಎರಡಕ್ಕೂ ಸೇರಿ ಒಂದೇ. ಅದಕ್ಕೂ ಮೊದಲಿನ ಫೋರ್ಡ್ ಥಂಡರ್‌ಬರ್ಡ್ ಎಬಿಎಸ್ ಹಿಂದಿನ ಚಕ್ರಗಳಿಗೆ ಮಾತ್ರ. ಮರ್ಸಿಡಿಸ್‌ನಲ್ಲಿ ಬಂದ, ಬಿಡಿಭಾಗ ತಯಾರಕ ಬಾಷ್ ಕಂಪನಿಯ ವ್ಯವಸ್ಥೆಯ ಹೊಸತನ ಡಿಜಿಟಲ್ ನಿಯಂತ್ರಣ. ಮುಂದೆ ಎಲ್ಲರೂ ಹಿಡಿದಿದ್ದು ಆ ದಾರಿಯನ್ನೇ, ಹಾಗಾಗಿ ಹೆಸರೂ ಅದಕ್ಕೇ ಉಳೀತು. ಶ್ರೇಯಸ್ಸಿನಲ್ಲಿ ಬಾಷ್‌ನವರ ಪಾಲನ್ನ ಜಾಹೀರಾತು ಹೇಳಲ್ಲ ಬಿಡಿ.

ಬೂಸ್ಟ್‌ಗೇಜ್:
ಟರ್ಬೋದಲ್ಲೂ (ಇಂಜಿನ್‌ಗೆ ಗಾಳಿಯನ್ನ ಒತ್ತಿ ತುಂಬಿ ಶಕ್ತಿ ಹೆಚ್ಚಿಸೋ ಸಾಧನ) ಇದೇ ಜಗಳ. 1973ರ ಬಿಎಂಡಬ್ಲ್ಯು 2002 ಟರ್ಬೋ ಮೊದಲು ಅನ್ನೋರು ‘ಯುರೋಪಿನಲ್ಲಿ’ ಅಂತ ಸೇರಿಸಬೇಕು. ಅಮೆರಿಕದಲ್ಲಿ 1962ರಲ್ಲೇ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್, ಶೆವ್ರೊಲೆ ಕಾರ್ವೇರ್ ಎರಡೂ ಬಂದಿದ್ದವು. ಜೆಟ್‌ಫೈರ್‌ನ ಕಂಪ್ರೆಷನ್ (ಸಿಲಿಂಡರ್ ಒಳಗೆ ಮಿಶ್ರಣವನ್ನ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು) 10.25:1. ಟರ್ಬೋ ಇಂಜಿನ್‌ಗೆ ಇದು ವಿಪರೀತ, ನಾಕಿಂಗ್ (ಇಂಧನ ತಾನಾಗೇ ಸ್ಫೋಟಿಸಿ ಇಂಜಿನ್ ಬಡಿಯೋದು) ತಡೆಯೋಕೆ ನೀರು-ಮೆಥನಾಲ್ ಸಿಂಪಡಿಸಬೇಕಿತ್ತು. ಅದರ ಟ್ಯಾಂಕ್ ತುಂಬಿಸೋದನ್ನ ಜನ ಮರೆತರು, ಖಾಲಿಯಾದಾಗ ಬೂಸ್ಟ್ (ಟರ್ಬೋ ಕೊಡೋ ಗಾಳಿಯ ಒತ್ತಡ) ಕಡಿತ ಆಗ್ತಿತ್ತು. 1963ಕ್ಕೆ ಮಾದರಿಯೇ ನಿಂತುಹೋಯ್ತು.

ಚಾಸಿಸ್‌ನಂಬರ್:
ಲಕ್ಸುರಿ ವಿಷಯಕ್ಕೆ ಬರೋಣ. ಬ್ಯಾಡ್ಜ್ ಬಿಡಿ, ಪ್ಲಾಟ್‌ಫಾರ್ಮ್ (ಕಾರಿನ ತಳಹದಿ) ನೋಡಿ. ಕ್ಯಾಡಿಲಾಕ್ 1912ರಲ್ಲೇ ಎಲೆಕ್ಟ್ರಿಕ್ ಸ್ಟಾರ್ಟರ್ ಕೊಟ್ಟ ಕಂಪನಿ. ಅದೇ ಕಂಪನಿಯ 1982ರ ಸಿಮರಾನ್ ಒಳಗೆ ಸಾಮಾನ್ಯ ದರ್ಜೆಯ ಶೆವ್ರೊಲೆ ಕ್ಯಾವಲಿಯರ್, ಇಂಜಿನ್ 1.8 ಲೀಟರ್ ನಾಲ್ಕು ಸಿಲಿಂಡರ್! ಟೊಯೋಟಾದ ಲಕ್ಸುರಿ ಬ್ರ್ಯಾಂಡ್ ಲೆಕ್ಸಸ್ 1989ರಲ್ಲಿ ಶುರುವಾದಾಗ ಎಲ್‌ಎಸ್ 400 ಹೊಸದಾಗಿ ರೂಪಿಸಿದ 4 ಲೀಟರ್ ವಿ8 ಕಾರು, ಪಕ್ಕದಲ್ಲೇ ನಿಂತಿದ್ದ ಇಎಸ್ 250 ಮಾತ್ರ ಟೊಯೋಟಾ ಕ್ಯಾಮ್ರಿ ಆಧಾರಿತ. ಲಾಂಛನ ಎರಡಕ್ಕೂ ಒಂದೇ. ಅದಕ್ಕೇ ಪಟ್ಟ ಕೊಡೋದಾದ್ರೆ ಮಾದರಿಗೆ ಕೊಡಿ, ಕಂಪನಿಗೆ ಬೇಡ.

ಟಾರ್ಕ್‌ಪ್ರಿಯ:
ಹಾಗಾದ್ರೆ 1954ರ ಮರ್ಸಿಡಿಸ್ 300 ಎಸ್‌ಎಲ್‌ನ ಪೆಟ್ರೋಲ್ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನ ನೇರ ಸಿಲಿಂಡರ್ ಒಳಗೇ ಚಿಮ್ಮಿಸೋದು)? ಅದಾದ್ರೂ ಮೊದಲನೇದು ತಾನೆ?

ಸ್ಪ್ಯಾನರ್ ಶೆಟ್ರು:
‘ಫೋರ್-ಸ್ಟ್ರೋಕ್‌ನಲ್ಲಿ’ ಅಂತ ಸೇರಿಸಿದ್ರೆ ಒಪ್ತೀನಿ. ಗುಟ್‌ಬ್ರಾಡ್, ಗೋಲಿಯಾತ್‌ನ ಪುಟ್ಟ ಟೂ-ಸ್ಟ್ರೋಕ್ ಕಾರುಗಳಲ್ಲಿ ಅದು ಮೊದಲೇ ಇತ್ತು. ಇನ್ನೊಂದು, 300 ಎಸ್‌ಎಲ್‌ನಲ್ಲಿ ಇಗ್ನಿಷನ್ ಆಫ್ ಮಾಡಿದ ಮೇಲೂ ಇಂಜಿನ್ ಪೂರ್ತಿ ನಿಲ್ಲೋವರೆಗೆ ಪಂಪ್ ಪೆಟ್ರೋಲ್ ಚಿಮ್ಮಿಸ್ತಾನೇ ಇರುತ್ತೆ. ಅದು ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಕೆಳಗಿನ ಇಂಜಿನ್ ಆಯಿಲ್‌ಗೆ ಬೆರೆಯುತ್ತೆ. ಅದಕ್ಕೇ ಆ ಕಾರಿಗೆ ಆಯಿಲ್ ಬೇಗ ಬೇಗ ಬದಲಿಸ್ತಾರೆ.