ಹ್ಯಾಮ್ಸ್ಟರ್‌ಗೆ ಮರದ ಮನೆ: ಯಾವ ಮರ, ಎಷ್ಟು ಅಳತೆ, ಹದಗೊಳಿಸುವುದು ಹೇಗೆ?

ಪ್ರಶ್ನೆ: ಸೀಬೆತೋಟ (ಮೈಸೂರು)

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ನಮ್ಮ ಮನೆಗೆ ಒಂದು ಸಿರಿಯನ್ ಹ್ಯಾಮ್ಸ್ಟರ್ (ಇಲಿಯನ್ನು ಹೋಲುವ ಪುಟ್ಟ ಸಾಕುಪ್ರಾಣಿ) ಬಂದಿದೆ. ಮಗಳು ಅದಕ್ಕೆ ಗುಂಡ ಎಂದು ಹೆಸರಿಟ್ಟಿದ್ದಾಳೆ. ಪ್ರಾಣಿಯ ಜೊತೆಗೆ ಅಂಗಡಿಯವರು ಗುಲಾಬಿ ಬಣ್ಣ ಬಳಿದ ಪುಟ್ಟ ಮರದ ಮನೆಯೊಂದನ್ನೂ ಕೊಟ್ಟಿದ್ದರು. ಇಳಿಜಾರು ಮಾಡು (ಛಾವಣಿ), ಎರಡು ಕಿಟಕಿಗಳು, ಬಾಗಿಲ ಮೇಲೆ ಒಂದು ಹೂವಿನ ಚಿತ್ರ. ನೋಡಲು ಚೆಂದವಾಗಿಯೇ ಇತ್ತು. ಆದರೆ ಮೊದಲ ವಾರದಲ್ಲೇ ಗುಂಡ ಬಾಗಿಲಂಚಿನ ಬಣ್ಣವನ್ನೆಲ್ಲ ಕೆರೆದು ತೆಗೆಯಿತು. ಹೋದ ಭಾನುವಾರ ಕೆನ್ನೆ ತುಂಬ ಸೂರ್ಯಕಾಂತಿ ಬೀಜ ತುಂಬಿಕೊಂಡು ಒಳನುಗ್ಗಲು ಹೋಗಿ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡಿತು. ನಾನು ಮಾಡನ್ನು ಕಿತ್ತು ಬಿಡಿಸಬೇಕಾಯಿತು. ಆಮೇಲೆ ಅಳೆದು ನೋಡಿದರೆ ಬಾಗಿಲಿನ ಅಗಲ ನಾಲ್ಕು ಸೆಂ.ಮೀ.ಗಿಂತ ತುಸುವೇ ಹೆಚ್ಚು.

ಆದ್ದರಿಂದ ಮನೆಯನ್ನು ನಾವೇ ಮಾಡಿಸೋಣ ಎಂದುಕೊಂಡಿದ್ದೇನೆ. ಮೀನು ಸಾಕುತ್ತಿದ್ದ ಹಳೆಯ ಗಾಜಿನ ತೊಟ್ಟಿ ಖಾಲಿ ಇದೆ; ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ. ಮನೆ ಕಟ್ಟಿಸಿದಾಗ ಉಳಿದ ತೇಗದ ತುಂಡುಗಳು, ಪ್ಲೈವುಡ್ ಚೂರುಗಳು, ಊರಿನಿಂದ ತಂದ ಮಾವಿನ ಹಲಗೆಯೊಂದು, ಪಕ್ಕದ ಅಂಗಡಿಯವರು ಬಿಸಾಡಿದ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಪಟ್ಟಿಗಳು, ಇಷ್ಟು ಕೈಯಲ್ಲಿವೆ. ಇವುಗಳಲ್ಲಿ ಯಾವುದನ್ನು ಬಳಸಬಹುದು, ಅಳತೆ ಎಷ್ಟಿರಬೇಕು, ಒಳಗಿಡುವ ಮೊದಲು ಮರವನ್ನು ಹೇಗೆ ಸಿದ್ಧಪಡಿಸಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಕೆನ್ನೆಚೀಲ (ಜರ್ಮನಿ)

ನಮಸ್ಕಾರ. ಮರದ ವಿಚಾರವನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿದ್ದಾರೆ. ನಾನು ಮನೆಯ ರಚನೆಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಹೆಚ್ಚಿನ ತಪ್ಪುಗಳು ಆಗುವುದು ಅಲ್ಲಿಯೇ.

ನಮ್ಮ ಕಣ್ಣಿಗೆ ಮನೆ ಎಂದರೆ ನೆಲದ ಮೇಲೆ ನಿಂತ ಕಟ್ಟಡ. ಹ್ಯಾಮ್ಸ್ಟರ್‌ಗೆ ಮನೆ ಎಂದರೆ ನೆಲದ ಕೆಳಗಿನ ಬಿಲ. ಇಂದು ಸಾಕುತ್ತಿರುವ ಸಿರಿಯನ್ ಹ್ಯಾಮ್ಸ್ಟರ್‌ಗಳಲ್ಲಿ ಬಹುಪಾಲು 1930ರಲ್ಲಿ ಸಿರಿಯಾದ ಅಲೆಪ್ಪೊ ಬಳಿಯ ಹೊಲವೊಂದರಲ್ಲಿ ಅಗೆದು ತೆಗೆದ ಒಂದು ತಾಯಿ ಮತ್ತು ಅದರ ಮರಿಗಳ ಸಂತತಿ. ಆ ಪ್ರದೇಶದಲ್ಲಿ ಕಾಡು ಹ್ಯಾಮ್ಸ್ಟರ್‌ಗಳ ಬಿಲಗಳನ್ನು ಅಳೆದವರಿಗೆ ಅವು 36ರಿಂದ 106 ಸೆಂ.ಮೀ. ಆಳದವರೆಗೆ ಸಿಕ್ಕಿವೆ. ಹಾಗಾಗಿ ಗುಂಡನಿಗೆ ನೀವು ಮಾಡಿಸಬೇಕಾದದ್ದು ಬಂಗಲೆಯಲ್ಲ, ಬಿಲದ ಬಾಯಿಗೆ ಒಂದು ಸೂರು. ಇದನ್ನು ಒಪ್ಪಿಕೊಂಡರೆ ಉಳಿದ ಅಳತೆಗಳೆಲ್ಲ ತಾವಾಗಿಯೇ ಹೊರಡುತ್ತವೆ.

ಮೊದಲನೆಯದಾಗಿ, ಮನೆಗೆ ತಳ ಇರಬಾರದು. ತಳವಿದ್ದರೆ ಪ್ರಾಣಿ ಒಳಗಿನಿಂದ ಅಗೆಯಲಾರದು. ಮೂತ್ರವೂ ಹಲಗೆಯಲ್ಲಿ ನಿಂತು ನಾರುತ್ತದೆ. ಎರಡನೆಯದಾಗಿ, ಒಳಗೆ ಎರಡು ಅಥವಾ ಮೂರು ಕೋಣೆಗಳಿರಲಿ. ಇಲ್ಲಿ ಜರ್ಮನಿಯಲ್ಲಿ ಹ್ಯಾಮ್ಸ್ಟರ್ ಸಾಕುವವರಲ್ಲಿ ಇಂತಹ ಬಹುಕೋಣೆಯ ಮನೆಯೇ ರೂಢಿ. ಒಂದು ಕೋಣೆಯಲ್ಲಿ ಮಲಗುತ್ತದೆ, ಇನ್ನೊಂದು ಉಗ್ರಾಣವಾಗುತ್ತದೆ, ಮೂರನೆಯದರಲ್ಲಿ ಒಂದು ಗಾಜಿನ ಬಟ್ಟಲು ಮರಳಿಟ್ಟರೆ ಅದನ್ನೇ ಬಚ್ಚಲು ಮಾಡಿಕೊಳ್ಳುವುದೂ ಉಂಟು. ನನ್ನಲ್ಲಿರುವ ಮನೆ 35 ಸೆಂ.ಮೀ. ಉದ್ದ, 25 ಅಗಲ, 12 ಎತ್ತರ. ಮಾಡು ಚಪ್ಪಟೆಯಾಗಿರಲಿ, ಮೊಳೆ ಹೊಡೆಯದೆ ಸುಮ್ಮನೆ ಮೇಲಿಟ್ಟಿರಲಿ; ಗೂಡನ್ನು ಕೆಡಿಸದೆ ಎತ್ತಿ ನೋಡಲು ಅನುಕೂಲ.

ಬಾಗಿಲು ಸಿರಿಯನ್‌ಗೆ 7 ಸೆಂ.ಮೀ., ಕುಬ್ಜ ಜಾತಿಗಳಿಗೆ 5. ಕಾಳು ತುಂಬಿಕೊಳ್ಳುವ ಕೆನ್ನೆಚೀಲ ಭುಜದ ಹಿಂದಿನವರೆಗೂ ಚಾಚುತ್ತದೆ, ಆದ್ದರಿಂದ ಬರಿಗೆನ್ನೆಯ ಹ್ಯಾಮ್ಸ್ಟರನ್ನು ನೋಡಿ ಬಾಗಿಲ ಅಳತೆ ನಿರ್ಧರಿಸಬಾರದು. ಹೊರಬಾಗಿಲುಗಳು ಎರಡಿರಲಿ. ಕಿಟಕಿ ಬೇಡವೇ ಬೇಡ: ತಲೆ ತೂರುವಷ್ಟಿದ್ದು ಮೈ ತೂರದ ಕಿಂಡಿಗಿಂತ ಅಪಾಯಕಾರಿಯಾದದ್ದು ಇನ್ನೊಂದಿಲ್ಲ. ಗಾಳಿಗೆ ಮಾಡಿನ ಕೆಳಗೆ ಗೋಡೆಯಲ್ಲಿ ಐದಾರು ಮಿ.ಮೀ.ಯ ಸಣ್ಣ ತೂತುಗಳು ಸಾಕು.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಮನೆಯನ್ನು ತೊಟ್ಟಿಯ ತಳದಲ್ಲಿ ಅಗೆಯಲೆಂದು ತುಂಬುವ ಹಾಸಿನ ಮೇಲೆ ನೇರವಾಗಿ ಇಡಬೇಡಿ. ಕೆಳಗೆ ಬಿಲ ತೋಡಿದಾಗ ಇಡೀ ಮನೆ ಕುಸಿದು ಪ್ರಾಣಿಯ ಮೇಲೆ ಕೂರುತ್ತದೆ. ನಾಲ್ಕು ಮೂಲೆಗಳಿಗೆ ಹಾಸಿನ ಆಳದಷ್ಟು ಉದ್ದದ ಕಾಲು ಕೊಟ್ಟು, ಆ ಕಾಲುಗಳು ತೊಟ್ಟಿಯ ಗಾಜಿನ ಮೇಲೆ ನಿಲ್ಲುವಂತೆ ಮಾಡಿಸಿ. ಹಾಸು 25 ಸೆಂ.ಮೀ. ಇದ್ದರೆ ಕಾಲೂ 25. ಆಳದ ವಿಷಯದಲ್ಲಿ ಜಿಪುಣತನ ಬೇಡ: 10, 40 ಮತ್ತು 80 ಸೆಂ.ಮೀ. ಹಾಸಿನಲ್ಲಿ ಹ್ಯಾಮ್ಸ್ಟರ್‌ಗಳನ್ನಿಟ್ಟು ಹೋಲಿಸಿದ, 2006ರಲ್ಲಿ ಪ್ರಕಟವಾದ ಸ್ವಿಸ್ ಅಧ್ಯಯನವೊಂದರಲ್ಲಿ, ಆಳ ಕಡಿಮೆಯಿದ್ದ ಕಡೆ ಪಂಜರದ ಸರಳು ಕಚ್ಚುವ ಚಟ ಹೆಚ್ಚಾಗಿ ಕಂಡಿತ್ತು. ನಿಮ್ಮ ತೊಟ್ಟಿಯ ಉದ್ದ ಅಗಲಗಳಿಗೆ ಕೊರತೆಯಿಲ್ಲ.

ಉತ್ತರ: ಉಳಿ_ಗರಗಸ (ಚನ್ನಪಟ್ಟಣ)

ನಮ್ಮದು ಮರಗೆಲಸದ ಮನೆತನ. ಕೆನ್ನೆಚೀಲ ಅವರು ಹೇಳಿದ ಅಳತೆಗಳಿಗೆ ನನ್ನ ತಕರಾರಿಲ್ಲ, ನಿಮ್ಮ ಬಳಿಯಿರುವ ನಾಲ್ಕು ಬಗೆಯ ಮರಗಳ ಬಗ್ಗೆ ಹೇಳುತ್ತೇನೆ.

ತೇಗ ಬಾಗಿಲಿಗೆ ಉತ್ತಮ, ಬಾಯಿಗಲ್ಲ. ಗೆದ್ದಲು ತೇಗವನ್ನು ಮುಟ್ಟದಿರುವುದಕ್ಕೆ ಅದರೊಳಗಿರುವ ರಾಸಾಯನಿಕಗಳೇ ಕಾರಣ, ಅದರ ಹುಡಿ ನಮ್ಮಂಥವರ ಮೈಗೇ ತುರಿಕೆ ತರುತ್ತದೆ. ಬೀಟೆಯದೂ ಇದೇ ಕಥೆ. ಗೆದ್ದಲಿಗೆ ಬೇಡವಾದ ಮರವನ್ನು ಹಗಲಿರುಳು ಕಡಿಯುವ ಪ್ರಾಣಿಗೆ ಕೊಡಬಾರದು ಎಂಬುದು ನನ್ನ ಲೆಕ್ಕ. ಅದೇ ಲೆಕ್ಕದಲ್ಲಿ ಬೇವು, ಹೆಬ್ಬೇವುಗಳನ್ನೂ ಬಿಡಿ.

ಮಾವಿನ ಸೊನೆ ತಗುಲಿದರೆ ತುಟಿ ಸುಡುವುದು ನಿಮಗೆ ಗೊತ್ತಿರುವುದೇ. ವರ್ಷಗಟ್ಟಲೆ ಒಣಗಿದ ಹಲಗೆಯಲ್ಲಿ ಆ ಕಾಟ ಬಹಳ ಇಳಿದಿರುತ್ತದೆ, ಆದರೂ ತೊಗಟೆ ಅಂಟಿಕೊಂಡ ಹಲಗೆಯಾದರೆ ನಾನಂತೂ ಬಳಸುವುದಿಲ್ಲ. ಗೇರು ಇನ್ನೂ ಕೆಟ್ಟದ್ದು.

ಪ್ಲೈವುಡ್ ಎಂದರೆ ಅರ್ಧ ಮರ, ಅರ್ಧ ಅಂಟು. ಅಗ್ಗದ ಎಂಆರ್ (ತೇವವನ್ನಷ್ಟೇ ತಾಳುವ) ದರ್ಜೆಯದರಲ್ಲಿ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು, ನೀರು ತಡೆಯುವ ದರ್ಜೆಗಳಲ್ಲಿ ಫೀನಾಲ್ ಫಾರ್ಮಾಲ್ಡಿಹೈಡ್. ಅದರ ಮೇಲೆ ಹುಳು ಹಿಡಿಯದಿರಲೆಂದು ಅಂಟಿನಲ್ಲೇ ಕೀಟನಾಶಕ ಬೆರೆಸಿರುವುದೂ ಉಂಟು. ಮನೆ ಕಟ್ಟುವಾಗ ಉಳಿದ ಚೂರು ಎಂದರೆ ಬಹುಮಟ್ಟಿಗೆ ಇಂತಹದ್ದೇ. ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯೂ ಬೇಡ.

ಪೈನ್ ಪಟ್ಟಿಗಳ ವಿಷಯದಲ್ಲಿ ಮುದ್ರೆ ನೋಡಿ. ಹೊರದೇಶದಿಂದ ಸರಕು ಹೊತ್ತು ಬಂದ ಪೆಟ್ಟಿಗೆಯಾದರೆ ಗೋಧಿ ತೆನೆಯಂತಹ ಗುರುತಿನ ಪಕ್ಕದಲ್ಲಿ ಎಚ್‌ಟಿ ಅಥವಾ ಎಂಬಿ ಎಂದು ಇರುತ್ತದೆ. ಎಚ್‌ಟಿ ಎಂದರೆ ಮರದ ತಿರುಳು 56 ಡಿಗ್ರಿ ತಲುಪಿ 30 ನಿಮಿಷ ಅಲ್ಲಿಯೇ ಇರುವಂತೆ ಕಾಯಿಸಿದ್ದು. ಎಂಬಿ ಎಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು. ಅದನ್ನು ಒಲೆಗೂ ಹಾಕಬೇಡಿ. ಎಚ್‌ಟಿ ಇದ್ದರೂ ಎರಡು ಪರೀಕ್ಷೆ ಬಾಕಿ: ಮೂಗಿಗೆ ಹಿಡಿದಾಗ ಟರ್ಪೆಂಟೈನ್ ವಾಸನೆ ಬಂದರೆ, ಗಂಟುಗಳಲ್ಲಿ ರಾಳ ಜಿನುಗುತ್ತಿದ್ದರೆ ಬೇಡ, ಎಣ್ಣೆ ಅಥವಾ ಬಣ್ಣ ಚೆಲ್ಲಿದ ಕಲೆಯಿದ್ದರೂ ಬೇಡ. ಚೆನ್ನಾಗಿ ಒಣಗಿದ, ವಾಸನೆಯಿಲ್ಲದ, ಗಂಟಿಲ್ಲದ ಪಟ್ಟಿ ಸಿಕ್ಕರೆ ನಿಮ್ಮ ನಾಲ್ಕರಲ್ಲಿ ಇದೇ ವಾಸಿ. ದೇವದಾರು, ಸೀಡರ್‌ಗಳನ್ನು ಮಾತ್ರ ಯಾವ ರೂಪದಲ್ಲೂ ತರಬೇಡಿ. ಸೀಡರ್ ಹಾಸು ಇಲಿಗಳ ಯಕೃತ್ತಿನ ಮೇಲೆ ಪರಿಣಾಮ ಬೀರುತ್ತದೆಂದು ಪ್ರಯೋಗಾಲಯಗಳವರು 1960ರ ದಶಕದಲ್ಲೇ ಕಂಡುಕೊಂಡಿದ್ದರು.

ನಮ್ಮೂರಿನ ಗೊಂಬೆಗಳಿಗೆ ಬಳಸುವ ಹಾಲೆ ಮರ ಆಗುವುದೇ ಎಂದು ಕೆಲವರು ಕೇಳುತ್ತಾರೆ. ಅದು ನುಣುಪಾದ, ಸಿಬಿರೇಳದ ಮರ, ಮಕ್ಕಳು ಬಾಯಿಗಿಡುವ ಆಟಿಕೆಗೆ ತಲೆಮಾರುಗಳಿಂದ ಬಳಕೆಯಲ್ಲಿದೆ. ಆದರೆ ಮಗು ಚೀಪುತ್ತದೆ, ಹ್ಯಾಮ್ಸ್ಟರ್ ಅಗಿಯುತ್ತದೆ. ಎರಡೂ ಒಂದೇ ಅಲ್ಲ. ನಾನಾದರೆ ಅದರ ಬದಲು ಸೀಬೆ ಅಥವಾ ಹಿಪ್ಪುನೇರಳೆಯ ಕಡ್ಡಿಗಳನ್ನು ಕಾಲಿಗೂ ಕಡಿಯುವುದಕ್ಕೂ ಕೊಡುತ್ತೇನೆ. ರಾಮನಗರದ ಕಡೆ ಹಿಪ್ಪುನೇರಳೆ ಕಡ್ಡಿಗೆ ಬರವಿಲ್ಲ. ಸೊಪ್ಪು ರೇಷ್ಮೆಹುಳುವಿಗೆ ಹೋಗುವುದರಿಂದ ರೈತರು ಕೀಟನಾಶಕದ ವಿಷಯದಲ್ಲಿ ಎಚ್ಚರವಾಗಿರುತ್ತಾರೆ, ಆದರೂ ಕೊನೆಯ ಬಾರಿ ಯಾವಾಗ ಏನು ಸಿಂಪಡಿಸಿದ್ದರೆಂದು ಕೇಳಿಯೇ ತನ್ನಿ.

ಜೋಡಿಸುವಾಗ ಕಬ್ಬಿಣದ ಮೊಳೆ, ಸ್ಟೇಪಲ್ ಬೇಡ. ಹಲಗೆಗಳಿಗೆ ಕಚ್ಚು ಹೊಡೆದು ಒಂದರೊಳಗೊಂದು ಕೂರಿಸಿ, ಬಿದಿರಿನ ಮೊಳೆ ಬಡಿದರೆ ಅಂಟೇ ಬೇಕಾಗುವುದಿಲ್ಲ. ಹಲಗೆ 10ರಿಂದ 12 ಮಿ.ಮೀ. ದಪ್ಪವಿರಲಿ.

ಪ್ರಶ್ನೆ ಕೇಳಿದವರು: ಸೀಬೆತೋಟ

ಇಬ್ಬರಿಗೂ ಕೃತಜ್ಞತೆಗಳು. ಪಟ್ಟಿಗಳನ್ನು ತಿರುಗಿಸಿ ನೋಡಿದೆ: ಆರರಲ್ಲಿ ನಾಲ್ಕಕ್ಕೆ ಎಚ್‌ಟಿ ಮುದ್ರೆಯಿದೆ, ಎರಡಕ್ಕೆ ಏನೂ ಇಲ್ಲ. ಮುದ್ರೆಯಿಲ್ಲದವುಗಳನ್ನು ಬದಿಗಿಟ್ಟಿದ್ದೇನೆ. ಇನ್ನು ಹದಗೊಳಿಸುವ ಬಗೆ ಹೇಗೆ? ಒವನ್‌ನಲ್ಲಿ ಇಡಬೇಕೆಂದು ಎಲ್ಲೋ ಓದಿದ್ದೆ, ನಮ್ಮ ಮನೆಯಲ್ಲಿ ಒವನ್ ಇಲ್ಲ. ಮೇಲೆ ವಾರ್ನಿಷ್ ಕೊಡಿಸಬೇಕೇ?

ಉತ್ತರ: ಕರಾವಳಿ_ಮಳೆ (ಉಡುಪಿ)

ನಮ್ಮೂರಿನ ಮಳೆಗಾಲದಲ್ಲಿ ಎರಡು ಮರದ ಮನೆಗಳನ್ನು ಬೂಷ್ಟಿಗೆ ಕಳೆದುಕೊಂಡವಳು ನಾನು, ಆದ್ದರಿಂದ ಈ ಭಾಗಕ್ಕೆ ಉತ್ತರಿಸುವ ಅರ್ಹತೆ ಇದೆ ಎಂದುಕೊಳ್ಳುತ್ತೇನೆ.

ಕೊಯ್ದ ಹಲಗೆಗೆ ಒವನ್ ಬೇಕಿಲ್ಲ. 100 ಡಿಗ್ರಿಯ ಸುತ್ತ ಒಂದು ಗಂಟೆ ಇಡುವ ಕ್ರಮ ಹೊರಗಿನಿಂದ ತಂದ ಹಸಿ ಕಡ್ಡಿ, ತೊಗಟೆಗಳಲ್ಲಿ ಅಡಗಿದ ಹುಳು, ಮೊಟ್ಟೆಗಳಿಗಾಗಿ. ಒವನ್ ಇಲ್ಲದವರು ಕಡ್ಡಿಗಳನ್ನು ಬ್ರಶ್‌ನಿಂದ ಉಜ್ಜಿ, ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ, ನಾಲ್ಕೈದು ದಿನ ಕಡು ಬಿಸಿಲಿಗೆ ಹಾಕಬಹುದು. ತೂಕ ಇಳಿದು, ಒಂದಕ್ಕೊಂದು ಬಡಿದಾಗ ಟಣ್ ಎಂದರೆ ಒಣಗಿದೆ ಎಂದರ್ಥ. ಒಳಗೆ ತೇವ ಉಳಿದ ಕಡ್ಡಿ ಒಂದೇ ವಾರದಲ್ಲಿ ಹಾಸನ್ನೂ ಕೆಡಿಸುತ್ತದೆ.

ಹಲಗೆಗಳಿಗೆ ಮೊದಲು 120ರ, ಆಮೇಲೆ 220ರ ಸ್ಯಾಂಡ್ ಪೇಪರ್ ಹಾಕಿ ತಿಕ್ಕಿಸಿ. ಬಾಗಿಲಿನ ಅಂಚನ್ನು ಗುಂಡಗೆ ಮಾಡಿಸುವುದನ್ನು ಮರೆಯಬೇಡಿ, ಕೆನ್ನೆಚೀಲದ ಒಳಪದರ ಬಹಳ ತೆಳುವಾದದ್ದು, ಒಂದು ಸಿಬಿರು ಚುಚ್ಚಿದರೂ ಕೀವು ಕಟ್ಟಬಹುದು. ಹಳೆಯ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಎಲ್ಲ ಮೂಲೆಗಳಲ್ಲೂ ಸವರಿ ನೋಡಿ. ನೂಲು ಎಲ್ಲಿ ಸಿಕ್ಕುತ್ತದೆಯೋ ಅಲ್ಲಿ ಮತ್ತೆ ತಿಕ್ಕಿಸಬೇಕು. ಅನಂತರ ಬಿಳಿ ವಿನಿಗರ್ ಮತ್ತು ನೀರನ್ನು ಸಮನಾಗಿ ಬೆರೆಸಿ ಒರೆಸಿ, ಬಿಸಿಲಿಗಿಡಿ. ಫಿನಾಯಿಲ್, ಡೆಟಾಲ್‌ನಂತಹವುಗಳನ್ನು ಹತ್ತಿರ ತರಬೇಡಿ.

ವಾರ್ನಿಷ್ ಬೇಡ. ಮೂತ್ರ ಹೀರದಿರಲೆಂದು ಮಾಡಿನ ಮೇಲ್ಭಾಗಕ್ಕೆ ಮಾತ್ರ ಮಕ್ಕಳ ಆಟಿಕೆಗೆ ಬಳಸುವ ನೀರು ಆಧಾರಿತ ಲೇಪ ಕೊಡುವವರಿದ್ದಾರೆ, ನಾನು ಕೊಡುವುದಿಲ್ಲ. ಬರಿಮರ ಗಾಳಿಯ ತೇವವನ್ನು ಹೀರಿ ಬಿಡುತ್ತದೆ, ಲೇಪ ಕೊಟ್ಟ ಮರ ಒಳಗಿನ ಉಸಿರಿನ ಹಬೆಯನ್ನು ಹಾಗೆಯೇ ನಿಲ್ಲಿಸಿಕೊಳ್ಳುತ್ತದೆ. ಗಾಜಿನ ತೊಟ್ಟಿಯಲ್ಲಿ ಇದು ಇನ್ನೂ ಹೆಚ್ಚು, ಆದ್ದರಿಂದ ತೊಟ್ಟಿಯ ಮೇಲೆ ಗಾಜು ಮುಚ್ಚದೆ ಕಬ್ಬಿಣದ ಜಾಲರಿ ಹಾಕಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಮಾಡನ್ನು ಎತ್ತಿ ಕೆಳಮೈ ನೋಡಿ; ಕಪ್ಪು ಚುಕ್ಕೆ ಮರದೊಳಗೆ ಇಳಿದಿದ್ದರೆ ಆ ಹಲಗೆಯನ್ನು ಬಿಸಾಡಿ ಹೊಸದನ್ನು ಕೂರಿಸಬೇಕೇ ಹೊರತು ಉಜ್ಜಿ ಉಳಿಸಿಕೊಳ್ಳಲು ನೋಡಬಾರದು. ಇದಕ್ಕಾಗಿಯೇ ಮಾಡಿಗೆ ಎರಡು ಹಲಗೆ ಮಾಡಿಸಿಟ್ಟುಕೊಂಡರೆ ಒಂದು ಬಿಸಿಲಿನಲ್ಲಿದ್ದಾಗ ಇನ್ನೊಂದು ಒಳಗಿರುತ್ತದೆ.

ಬೇಸಿಗೆಗೆ ಒಂದು ಮಾತು: ಮರದ ಮನೆ ಬೆಚ್ಚಗಿರುತ್ತದೆ, ಅದು ಏಪ್ರಿಲ್‌ನಲ್ಲಿ ಒಳ್ಳೆಯದಲ್ಲ. ಬಣ್ಣ ಬಳಿಯದ ಮಣ್ಣಿನ ಕುಡಿಕೆಯೊಂದನ್ನು ಮಗ್ಗುಲಾಗಿಸಿ ತೊಟ್ಟಿಯ ಇನ್ನೊಂದು ತುದಿಯಲ್ಲಿ ಇಡಿ, ಬಾಯಿ 7 ಸೆಂ.ಮೀ.ಗಿಂತ ಅಗಲವಿರಲಿ. ಮಧ್ಯಾಹ್ನ ಎಲ್ಲಿ ಮಲಗಬೇಕೆಂಬುದನ್ನು ಅದೇ ಆರಿಸಿಕೊಳ್ಳುತ್ತದೆ.

ಉತ್ತರ: ಉಳಿ_ಗರಗಸ

ಒಂದು ಸಣ್ಣ ಭಿನ್ನಾಭಿಪ್ರಾಯ. ವಿನಿಗರ್ ನೀರನ್ನು ಬಟ್ಟೆಯಲ್ಲಿ ಒರೆಸಿದರೆ ಸಾಕು, ಹಲಗೆಯನ್ನು ನೆನೆಸಬಾರದು. ನೆನೆದ ಪೈನ್ ಬಿಸಿಲಿನಲ್ಲಿ ಸೊಟ್ಟಗಾದರೆ ಕಚ್ಚುಗಳು ಸಡಿಲವಾಗಿ ಸಂದು ಬಿಡುತ್ತವೆ, ಆ ಸಂದಿನಲ್ಲಿ ಕಾಲು ಸಿಕ್ಕಿಕೊಂಡರೆ ಮುರಿಯುತ್ತದೆ. ಒರೆಸಿದ ಮೇಲೂ ಮೊದಲು ನೆರಳಿನಲ್ಲಿ ಒಂದು ದಿನ ಆರಿಸಿ, ಆಮೇಲೆ ಬಿಸಿಲಿಗಿಡಿ. ನೀರು ತಾಕಿದಾಗ ಮರದ ಎಳೆ ಮತ್ತೆ ಏಳುತ್ತದೆ, ಆದ್ದರಿಂದ ಒಣಗಿದ ಬಳಿಕ 220ರ ಕಾಗದವನ್ನು ಇನ್ನೊಮ್ಮೆ ಹಗುರವಾಗಿ ಆಡಿಸಿ ಹುಡಿಯನ್ನು ಪೂರ್ತಿ ಕೊಡವಿಬಿಡಿ.

ಪ್ರಶ್ನೆ ಕೇಳಿದವರು: ಸೀಬೆತೋಟ

ಮನೆ ಸಿದ್ಧವಾಗಿದೆ: 36 ಸೆಂ.ಮೀ. ಉದ್ದ, 26 ಅಗಲ, ಮೂರು ಕೋಣೆಗಳು, 24 ಸೆಂ.ಮೀ.ಯ ಸೀಬೆ ಕೊಂಬೆಯ ಕಾಲುಗಳು. ಬಡಗಿ ಮೊದಲು ನಕ್ಕರೂ ಆಮೇಲೆ ಬಾಗಿಲಂಚನ್ನು ಅರ್ಧ ಗಂಟೆ ಕೂತು ತಿಕ್ಕಿಕೊಟ್ಟರು. ಕಾಲುಚೀಲದ ಪರೀಕ್ಷೆಯಲ್ಲಿ ಒಂದು ಮೂಲೆ ಸಿಕ್ಕಿಬಿತ್ತು, ಸರಿಪಡಿಸಿದ್ದೇವೆ. ಗುಂಡನನ್ನು ಹೊಸ ಮನೆಗೆ ಹೇಗೆ ಸ್ಥಳಾಂತರಿಸಬೇಕು ಎಂಬುದೊಂದೇ ಈಗ ಉಳಿದಿರುವ ಪ್ರಶ್ನೆ.

ಉತ್ತರ: ಕೆನ್ನೆಚೀಲ

ಹಳೆಯ ಗೂಡನ್ನು ತೊಳೆಯಬೇಡಿ. ಅದರೊಳಗಿನ ಒಣ ಹಾಸಿನಲ್ಲಿ ಎರಡು ಹಿಡಿಯಷ್ಟು ಮತ್ತು ಅದು ಬಚ್ಚಿಟ್ಟ ಕಾಳುಗಳಲ್ಲಿ ಒಣಗಿದವಷ್ಟನ್ನು ಹೊಸ ಮನೆಯ ಒಂದು ಕೋಣೆಗೆ ಹಾಕಿ. ತನ್ನ ವಾಸನೆ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಗೂಡು ಕಟ್ಟಲು ಬಿಳಿ ಟಿಶ್ಯೂ ಕಾಗದವನ್ನು ಹರಿದು ಹೊರಗಿಡಿ, ತಾನೇ ಎಳೆದೊಯ್ಯುತ್ತದೆ. ಅಂಗಡಿಯಲ್ಲಿ ಸಿಗುವ ಹತ್ತಿಯಂತಹ ನಾರು ಕಾಲಿಗೆ ಸುತ್ತಿಕೊಳ್ಳುತ್ತದೆ, ಅದು ಬೇಡ. ಸಂಜೆ ಅದಾಗಿಯೇ ಎದ್ದ ಮೇಲೆ ಬಿಡಿ, ಹಗಲು ನಿದ್ದೆಯಿಂದ ಎಬ್ಬಿಸಬೇಡಿ. ಮೂರ್ನಾಲ್ಕು ದಿನ ಮಾಡನ್ನು ಎತ್ತದಿರುವಂತೆ ಮಗಳಿಗೆ ಹೇಳಿ. ನನ್ನ ಹ್ಯಾಮ್ಸ್ಟರ್ ಮೊದಲ ಎರಡು ರಾತ್ರಿ ಮನೆಯ ಮೇಲೆ ಕೂತಿತ್ತೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ. ಮೂರನೆಯ ರಾತ್ರಿ ಒಳಹೊಕ್ಕು ಬಾಗಿಲಿಗೇ ಹಾಸು ತುಂಬಿ ಮುಚ್ಚಿಕೊಂಡಿತು. ಹಾಗೆ ಮಾಡಿದರೆ ಗಾಬರಿಯಾಗಬೇಡಿ, ಅದನ್ನು ಬಿಡಿಸಲೂ ಹೋಗಬೇಡಿ.