ನನ್ನ ಮನಸ್ಸೇ ಸೋತಿರುವಾಗ ರೋಗಿಗಳ ಸೇವೆ ಮುಂದುವರಿಸಬೇಕಾ?

ಕಾಳಿತೀರ (ಕಾರವಾರ):
ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನ ಗುಂಪಿನ ಜೊತೆ ಆಸ್ಪತ್ರೆ ವಾರ್ಡಿಗೆ ಹೋಗುತ್ತೇನೆ. ಹಳಿಯಾಳ, ಜೋಯಿಡಾ ಕಡೆಯಿಂದ ಬಂದವರಿಗೆ ಎಷ್ಟೋ ಸಲ ಜೊತೆಗೆ ಯಾರೂ ಇರುವುದಿಲ್ಲ. ಗಂಜಿ ಕುಡಿಸುವುದು, ಔಷಧಿ ಚೀಟಿ ಹಿಡಿದು ಓಡುವುದು, ಕೇಳಿದರೆ ಪ್ರಾರ್ಥನೆ ಮಾಡುವುದು, ಇಷ್ಟೇ ಕೆಲಸ. ಈಗ ನನ್ನ ಮನೆಯಲ್ಲೇ ಕಷ್ಟ. ಗಂಡ ಬೋಟಿಗೆ ಹೋಗುವವರು, ಜೂನ್-ಜುಲೈ ಮೀನುಗಾರಿಕೆ ಬಂದ್ ಇದ್ದಾಗ ಮಾಡಿದ ಸಾಲ ಇನ್ನೂ ತೀರಿಲ್ಲ. ಅತ್ತೆಗೆ ಪಾರ್ಶ್ವವಾಯು ಆಗಿ ಮಲಗಿದ್ದಾರೆ. ನನಗೆ ರಾತ್ರಿ ನಿದ್ದೆ ಇಲ್ಲ, ಜಪಸರ ಹಿಡಿದರೆ ಬಾಯಿ ಹೇಳುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ದೇವರು ಕೈಬಿಡುವುದಿಲ್ಲ ಅಂತ ರೋಗಿಗಳಿಗೆ ಹೇಳುವಾಗ ಸುಳ್ಳು ಹೇಳಿದ ಹಾಗೆ ಅನಿಸುತ್ತದೆ. ಬಿಟ್ಟರೆ ದೇವರಿಗೆ ಬೆನ್ನು ತೋರಿಸಿದ ಹಾಗೆ, ಅಲ್ವಾ?

ಶಿರಸಿ ಟೀಚರ್:
ಅಕ್ಕಾ, ಅದು ಸುಳ್ಳಲ್ಲ. ಮದರ್ ತೆರೇಸಾ ತೀರಿಕೊಂಡಿದ್ದು 1997ರಲ್ಲಿ. ಹತ್ತು ವರ್ಷ ಆದ ಮೇಲೆ ಅವರ ಪತ್ರಗಳು ಪುಸ್ತಕವಾಗಿ ಬಂದವು. ದೇವರು ಹತ್ತಿರ ಇದ್ದಾನೆ ಅಂತ ಅನಿಸುತ್ತಲೇ ಇಲ್ಲ, ಒಳಗೆ ಬರೀ ಕತ್ತಲೆ ಅಂತ ತಮ್ಮ ಗುರುಗಳಿಗೆ ಬರೆದಿದ್ದರು. ಒಂದೆರಡು ತಿಂಗಳ ಮಾತಲ್ಲ, ದಶಕಗಟ್ಟಲೆ. ಆ ಕತ್ತಲೆ ಹೊತ್ತುಕೊಂಡೇ ಕೋಲ್ಕತ್ತಾದಲ್ಲಿ ಸಾಯುವವರ ಪಕ್ಕ ಕೂತರು. 2016ರಲ್ಲಿ ಸಂತರೆಂದು ಘೋಷಿಸುವಾಗ ಇದೆಲ್ಲ ಚರ್ಚಿನ ಹಿರಿಯರಿಗೆ ಗೊತ್ತೇ ಇತ್ತು. ಹಾಗಾಗಿ ಬಿಡಬೇಡಿ, ದಯವಿಟ್ಟು.

ಅಂಕೋಲಾ ನರ್ಸ್:
ಟೀಚರ್ ಹೇಳಿದ್ದನ್ನು ಅರ್ಧ ಒಪ್ಪುತ್ತೇನೆ. ಪ್ರಾರ್ಥನೆಯಲ್ಲಿ ರುಚಿ ಸಿಗದಿರುವುದು ಬೇರೆ, ನಿದ್ದೆಯೇ ಬಾರದಿರುವುದು ಬೇರೆ. ಎರಡನೆಯದನ್ನು ಶಿಲುಬೆ ಅಂತ ಹೊತ್ತುಕೊಳ್ಳಬೇಡಿ, ಡಾಕ್ಟರಿಗೆ ತೋರಿಸಿ. ಬೈಬಲ್ಲಿನಲ್ಲಿ ಒಂದನೇ ಅರಸುಗಳು 19ನೇ ಅಧ್ಯಾಯ ತೆಗೆದು ನೋಡಿ. ಬಾಳ ಎಂಬ ಅನ್ಯದೇವರ ಪ್ರವಾದಿಗಳನ್ನು ಸೋಲಿಸಿದ ಪ್ರವಾದಿ ಎಲೀಯ ಅಲ್ಲಿ ಮರದ ಕೆಳಗೆ ಕೂತು, ಸಾಕು, ನನ್ನ ಜೀವ ತೆಗೆದುಬಿಡು ಅನ್ನುತ್ತಾನೆ. ದೇವದೂತ ಬಂದವನು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ, ಮಲಗಲು ಬಿಟ್ಟ. ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ. ನಡೆಯುವ ಮಾತು ಬಂದಿದ್ದೇ ಆಮೇಲೆ.
ಮನಸ್ಸು ತೀರಾ ಭಾರವಾದ ರಾತ್ರಿ 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ, ಹೆಸರು ಟೆಲಿ ಮಾನಸ್, ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹೊನ್ನಾವರದವ:
ತಂಗೀ, ನಮ್ಮ ಕೆನರಾ ಸೀಮೆಯಲ್ಲಿ 1681ರಿಂದ ಓಡಾಡಿ ಸೇವೆ ಮಾಡಿದ ಸಂತ ಜೋಸೆಫ್ ವಾಜ್ ಮುಂದೆ ವೇಷ ಮರೆಸಿಕೊಂಡು ಕರಾವಳಿ ಡಚ್ಚರ ಕೈಯಲ್ಲಿದ್ದ ಸಿಲೋನಿಗೆ, ಅಂದರೆ ಈಗಿನ ಶ್ರೀಲಂಕಾಕ್ಕೆ, ಹೋದರು. ಅಲ್ಲಿ ಮೊದಲಿಗೆ ಅವರೇ ಭೇದಿ ಬಂದು ಹಾಸಿಗೆ ಹಿಡಿದರು. ಗುಣವಾದ ಮೇಲೆ ಕೆಲಸ ಶುರು ಮಾಡಿದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಬಂದಾಗ, ಮನೆಯವರೇ ಬಿಟ್ಟುಹೋದ ರೋಗಿಗಳನ್ನು ನೋಡಿಕೊಂಡವರು ಇವರೇ.
ನನಗೆ ಬೇಜಾರಾಗಿದ್ದು ಇನ್ನೊಂದಕ್ಕೆ. ನೀವು ಊರವರ ರೋಗಿಗಳನ್ನು ನೋಡುತ್ತೀರಿ, ನಿಮ್ಮ ಅತ್ತೆಯನ್ನು ನೋಡಲು ನಿಮ್ಮ ಗುಂಪಿನವರು ಬಂದಿದ್ದಾರಾ? ಭೇಟಿ ಕೊಡುವವರ ಪಟ್ಟಿಯಲ್ಲಿ ಅವರ ಹೆಸರನ್ನೂ ಬರೆಸಿ. ಸಾಲದ ವಿಷಯವನ್ನೂ ಫಾದರ್ ಹತ್ತಿರ ಬಾಯಿಬಿಟ್ಟು ಹೇಳಿ. ಕೊಡುವವರಿಗೆ ಕೇಳುವುದು ಕಷ್ಟ, ಅದರಲ್ಲೂ ಸಣ್ಣ ಊರಲ್ಲಿ ಯಾರು ಏನಂದುಕೊಳ್ಳುತ್ತಾರೋ ಅಂತ ಜಾಸ್ತಿ ಹೆದರಿಕೆ. ಆದರೂ ಕೇಳಿ.

ಕಾಳಿತೀರ (ಕಾರವಾರ):
ಅಣ್ಣಾ, ಅತ್ತೆಯ ಹೆಸರು ಬರೆಸುವುದು ಹೊಳೆದೇ ಇರಲಿಲ್ಲ. ಭಾನುವಾರ ಚರ್ಚಿನ ಬಲಿಪೂಜೆ ಆದ ಮೇಲೆ ಫಾದರ್ ಹತ್ತಿರ ಮಾತಾಡುತ್ತೇನೆ. ವಾರ್ಡಿಗೆ ಸದ್ಯ ಬೇರೆಯವರು ಹೋಗಲಿ. ಒಂದೇ ಚಿಂತೆ, ಹೊರಗಿನವರು ಮೈ ಮುಟ್ಟಿದರೆ ಅತ್ತೆಗೆ ತುಂಬಾ ಸಂಕೋಚ.

ಅಂಕೋಲಾ ನರ್ಸ್:
ಮೈ ಒರೆಸುವುದು ನೀವೇ ಮಾಡಿ. ಬಂದವರು ಮೊದಲು ಸುಮ್ನೆ ಪಕ್ಕ ಕೂತು ಮಾತಾಡಲಿ. ಅತ್ತೆಗೆ ಒಗ್ಗಿದ ಮೇಲೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಒಬ್ಬರಿಗೆ ಕಲಿಸಿ, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅವರು ಇರುವಷ್ಟು ಹೊತ್ತು ಅಡುಗೆಮನೆಗೆ ಹೋಗಿ ಚಹಾ ಮಾಡುತ್ತಾ ನಿಲ್ಲಬೇಡಿ, ಒಳಗೆ ಹೋಗಿ ಮಲಗಿ.